ನಾಲ್ಕೇ ಕಾರ್ಡ್, ತುಂಬು ನಾದ: ಎಂಬತ್ತರ ದಶಕದ ಸಿಂಥ್ ಧ್ವನಿ ಕಟ್ಟುವ ಬಗೆ

ಹಳೆಯ ಸಿಂಥಸೈಜರ್ ಧ್ವನಿಯಲ್ಲಿ ಒಂದು ಟ್ರ್ಯಾಕ್ ಮಾಡೋಣ ಎಂದು ಕೂತವರು ಹೆಚ್ಚಾಗಿ ಒಂದೇ ಕಡೆ ಸಿಕ್ಕಿಕೊಳ್ಳುತ್ತಾರೆ. ಕಾರ್ಡ್‌ಗಳು ಸರಿಯಾಗಿವೆ. ಆರಿಸಿಕೊಂಡ ಸೌಂಡೂ ಚೆನ್ನಾಗಿದೆ. ಆದರೂ ನುಡಿಸಿದರೆ ಸಪ್ಪೆ ಅನಿಸುತ್ತದೆ. ಆಗ ಬಹಳಷ್ಟು ಮಂದಿ ಇನ್ನೊಂದು ಸಾಫ್ಟ್‌ವೇರ್ ಹುಡುಕಲು ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ. ಇರುವ ಕಾರ್ಡನ್ನೇ ಇಟ್ಟುಕೊಳ್ಳಿ. ಅದರ ಸ್ವರಗಳನ್ನು ಕೀಬೋರ್ಡಿನ ಮೇಲೆ ಎಲ್ಲೆಲ್ಲಿ ಇಡುತ್ತೀರಿ, ಯಾವುದನ್ನು ಸೇರಿಸುತ್ತೀರಿ, ಯಾವುದನ್ನು ಬಿಡುತ್ತೀರಿ ಅನ್ನುವುದರಲ್ಲೇ ಮುಕ್ಕಾಲು ಪಾಲು ಕೆಲಸ ಅಡಗಿದೆ. ಸ್ವರಗಳನ್ನು ಹೀಗೆ ಹಂಚಿಡುವ ಕ್ರಮಕ್ಕೆ ವಾಯ್ಸಿಂಗ್ ಎನ್ನುತ್ತಾರೆ.

‘ನನಗೆ ಪಾಶ್ಚಾತ್ಯ ಸಂಗೀತ ಬರುವುದಿಲ್ಲವಲ್ಲ’ ಎಂದು ಹಿಂಜರಿಯಬೇಡಿ. ಈ ಲೇಖನದಲ್ಲಿ ನಾವು ಬಳಸುವುದು ಬಿಳಿ ಕೀಗಳನ್ನು ಮಾತ್ರ. ಕೀಬೋರ್ಡಿನ ನಡುವಿನ ‘ಸಿ’ ಸ್ವರವನ್ನು ಮಧ್ಯ ಸ್ಥಾಯಿಯ ಷಡ್ಜ ಎಂದು ಹಿಡಿಯಿರಿ. ಯಕ್ಷಗಾನದ ಭಾಗವತರು, ಹಾರ್ಮೋನಿಯಂ ನುಡಿಸುವವರು ‘ಬಿಳಿ ಒಂದು’ ಎನ್ನುವ ಶ್ರುತಿ ಇದೇ. ಅಲ್ಲಿಂದ ಬಲಕ್ಕೆ ಬಿಳಿ ಕೀಗಳನ್ನೇ ಒತ್ತುತ್ತಾ ಹೋದರೆ ಶಂಕರಾಭರಣದ ಸ ರಿ ಗ ಮ ಪ ದ ನಿ ಸಿಗುತ್ತದೆ. ನಡುವಿನ ‘ಸ’ದಿಂದ ಎಡಕ್ಕೆ ಇರುವ ಏಳು ಬಿಳಿ ಕೀಗಳು ಮಂದ್ರ ಸ್ಥಾಯಿ, ಇನ್ನೂ ಎಡಕ್ಕೆ ಹೋದರೆ ಅನುಮಂದ್ರ. ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ನಮ್ಮ ನಾಲ್ಕು ಕಾರ್ಡ್‌ಗಳು. ಎ ಮೈನರ್, ಎಫ್ ಮೇಜರ್, ಸಿ ಮೇಜರ್, ಜಿ ಮೇಜರ್. ಪಾಪ್ ಸಂಗೀತದಲ್ಲಿ ಸವೆದು ಹೋದಷ್ಟು ಬಳಕೆಯಾದ ಸರಣಿ ಇದು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ದ-ಸ-ಗ, ಮ-ದ-ಸ, ಸ-ಗ-ಪ, ಪ-ನಿ-ರಿ. ಒಂದೊಂದರಲ್ಲೂ ಒಂದು ಸ್ವರ ಹಿಡಿದು, ಮುಂದಿನದನ್ನು ಬಿಟ್ಟು, ಅದರಾಚೆಯದನ್ನು ಹಿಡಿಯಲಾಗಿದೆ. ಕಾರ್ಡ್ ಎಂದರೆ ಇಷ್ಟೇ. ಯಾವ ಸ್ವರದಿಂದ ಶುರುವಾಯಿತೋ ಅದು ಆ ಕಾರ್ಡಿನ ರೂಟ್, ಅಂದರೆ ಮೂಲ ಸ್ವರ.

ಕಲಿಯುವವರು ಈ ನಾಲ್ಕನ್ನೂ ಒಂದೇ ಆಕಾರದ ಕೈಯಲ್ಲಿ, ಅಲ್ಲಿಂದ ಇಲ್ಲಿಗೆ ಜಿಗಿದು ನುಡಿಸುತ್ತಾರೆ. ಸಪ್ಪೆತನದ ಮೊದಲ ಕಾರಣ ಈ ಜಿಗಿತ. ಇದನ್ನು ತಪ್ಪಿಸಲು ಪ್ರತಿ ಸ್ವರವನ್ನೂ ಒಬ್ಬ ಹಾಡುಗಾರ ಎಂದುಕೊಳ್ಳಿ. ಕಾರ್ಡ್ ಬದಲಾದಾಗ ಅವನು ತನಗೆ ಅತಿ ಹತ್ತಿರದ ಸ್ವರಕ್ಕೆ ಸರಿಯಬೇಕು. ಸರಿಯುವ ಅಗತ್ಯ ಇಲ್ಲದಿದ್ದರೆ ಇದ್ದಲ್ಲೇ ನಿಲ್ಲಬೇಕು. ಮಂದ್ರ ದ, ಮಧ್ಯ ಸ, ಮಧ್ಯ ಗ ಒತ್ತಿ ಶುರುಮಾಡಿ. ಎರಡನೆಯ ಕಾರ್ಡಿಗೆ ಹೋಗುವಾಗ ದ ಮತ್ತು ಸ ಹಾಗೇ ಇರಲಿ, ‘ಗ’ ಒಂದೇ ‘ಮ’ಕ್ಕೆ ಏರಲಿ. ಮೂರನೆಯದಕ್ಕೆ ಸ ನಿಂತಿರಲಿ, ಮ ಮತ್ತೆ ‘ಗ’ಕ್ಕೆ, ದ ‘ಪ’ಕ್ಕೆ ಇಳಿಯಲಿ. ನಾಲ್ಕನೆಯದಕ್ಕೆ ಪ ನಿಂತಿರಲಿ, ಸ ‘ನಿ’ಗೆ, ಗ ‘ರಿ’ಗೆ ಇಳಿಯಲಿ. ಇದಕ್ಕೆ ವಾಯ್ಸ್ ಲೀಡಿಂಗ್ ಎಂಬ ಹೆಸರಿದೆ. ಕೈ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಉಳಿಯುತ್ತದೆ. ಒಂದು ಹೊಸ ಸ್ವರವನ್ನೂ ಸೇರಿಸದೆ ನಾದ ಆಗಲೇ ಮೆದುವಾಗಿರುತ್ತದೆ.

ಇನ್ನು ಸೇರಿಸುವ ಕೆಲಸ. ಒಂದು ಬಿಟ್ಟು ಒಂದು ಹಿಡಿಯುವ ಎಣಿಕೆಯನ್ನೇ ಮುಂದುವರಿಸಿ. ದ-ಸ-ಗ ಆದ ಮೇಲೆ ಪ ಬರುತ್ತದೆ, ಆಮೇಲೆ ನಿ. ದ ಮೊದಲನೆಯದು ಎಂದು ಎಣಿಸಿದರೆ ಪ ಏಳನೆಯದು, ನಿ ಒಂಬತ್ತನೆಯದು. ಹಾಗಾಗಿ ಇವನ್ನು ಸೆವೆಂತ್, ನೈಂತ್ ಎನ್ನುತ್ತಾರೆ. ಈ ಎರಡು ಸ್ವರ ಬಂದರೆ ಕಾರ್ಡಿಗೆ ಸಂಜೆಯ ಬಣ್ಣ ಬರುತ್ತದೆ. ಆದರೆ ಐದು ಸ್ವರಗಳನ್ನೂ ಒಂದೇ ಕೈಯಲ್ಲಿ ಗುಂಪು ಹಾಕಬಾರದು. ಮೂಲ ಸ್ವರವನ್ನು ಬೇಸ್‌ಗೆ, ಅಂದರೆ ಕೆಳಗಿನ ದಪ್ಪ ಧ್ವನಿಗೆ ಬಿಟ್ಟುಕೊಡಿ. ಬೇಸ್‌ಗೆಂದು ಬೇರೆಯೇ ಟ್ರ್ಯಾಕ್ ಮಾಡಿ, ಅಲ್ಲಿ ದ, ಮ, ಸ, ಪ ಎಂದು ಒಂದೊಂದೇ ಸ್ವರ ನುಡಿಸಿ. ಸ ಮಾತ್ರ ಮಂದ್ರದಲ್ಲಿರಲಿ, ಉಳಿದ ಮೂರು ಅನುಮಂದ್ರದಲ್ಲಿ.

ಮೇಲಿನ ಕೈಗೆ ನಾನು ಸೂಚಿಸುವ ಜೋಡಣೆ ಹೀಗಿದೆ. ಮೊದಲನೆಯ ಕಾರ್ಡಿಗೆ ಮಂದ್ರದ ಪ ಮತ್ತು ನಿ, ಮಧ್ಯದ ಸ ಮತ್ತು ಗ. ಎರಡನೆಯದಕ್ಕೆ ನಿ ಮಾತ್ರ ‘ದ’ಕ್ಕೆ ಇಳಿಯುತ್ತದೆ: ಪ ದ ಸ ಗ. ಮೂರನೆಯದಕ್ಕೆ ದ ಮತ್ತೆ ‘ನಿ’ಗೆ, ಸ ‘ರಿ’ಗೆ ಏರುತ್ತವೆ: ಪ ನಿ ರಿ ಗ. ನಾಲ್ಕನೆಯದಕ್ಕೆ ಪ ಬಿಟ್ಟು ಉಳಿದ ಮೂರೂ ಒಂದೊಂದು ಮೆಟ್ಟಿಲು ಇಳಿಯುತ್ತವೆ: ಪ ದ ಸ ರಿ. ಎರಡು ಎಣಿಕೆ ತಡೆದು ಈ ‘ಸ’ವನ್ನು ‘ನಿ’ಗೆ ಇಳಿಸಿ. ಅಲ್ಲಿಂದ ಮೊದಲನೆಯ ಕಾರ್ಡಿಗೆ ಮರಳಿ.

ಒಮ್ಮೆ ನುಡಿಸಿ ನೋಡಿದರೆ ನಿಮ್ಮ ಕಿವಿಯೇ ಒಂದು ಸಂಗತಿ ಹೇಳುತ್ತದೆ. ಮಂದ್ರ ಪಂಚಮ ನಾಲ್ಕೂ ಕಾರ್ಡಿನಲ್ಲಿ ಕದಲುವುದಿಲ್ಲ. ತಂಬೂರಿಯ ಪಂಚಮದ ಹಾಗೆ ಅದು ಹಿಂದೆ ನಿಂತಿರುತ್ತದೆ, ಅದರ ಸುತ್ತ ಉಳಿದ ಸ್ವರಗಳು ಬಣ್ಣ ಬದಲಿಸುತ್ತವೆ. ಶ್ರುತಿ ಹಿಡಿದು ಸಂಗೀತ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಬೇಗ ಒಗ್ಗುತ್ತದೆ ಎಂದು ನನ್ನ ನಂಬಿಕೆ.

ಇಲ್ಲಿ ಎರಡು ಸಂದೇಹ ಬರಬಹುದು. ಒಂದು, ಮೇಲಿನ ಕೈಯ ಮೊದಲ ಕಾರ್ಡಿನಲ್ಲಿ ‘ದ’ ಇಲ್ಲವಲ್ಲ, ಅದು ಎ ಮೈನರ್ ಹೇಗಾಯಿತು? ಬೇಸ್ ಟ್ರ್ಯಾಕ್ ನಿಲ್ಲಿಸಿ ಕೇಳಿದರೆ ಅದು ಬೇರೆ ಕಾರ್ಡಿನಂತೆ ಕೇಳುತ್ತದೆ, ನಿಜ. ಬೇಸ್ ಸೇರಿದ ತಕ್ಷಣ ಕಿವಿ ಅದನ್ನೇ ಆಧಾರವಾಗಿ ಹಿಡಿಯುತ್ತದೆ. ಇನ್ನೊಂದು, ನಾಲ್ಕನೆಯ ಕಾರ್ಡಿಗೆ ಸೆವೆಂತ್ ಆದ ‘ಮ’ ಯಾಕೆ ಹಾಕಲಿಲ್ಲ? ಹಾಕಿದರೆ ತಪ್ಪಲ್ಲ. ಆದರೆ ಪ-ನಿ-ರಿ-ಮ ಸೇರಿದರೆ ಮುಂದೆ ‘ಸ’ಕ್ಕೆ ಹೋಗಿ ಮುಗಿಯಲೇಬೇಕು ಎಂಬ ಬಲವಾದ ಸೆಳೆತ ಹುಟ್ಟುತ್ತದೆ. ನಮಗೆ ಬೇಕಾದದ್ದು ಮುಗಿಯದೆ ತೇಲುತ್ತಾ ಮತ್ತೆ ಮೊದಲಿಗೆ ಬರುವ ಸುತ್ತು. ಅದಕ್ಕೇ ‘ನಿ’ಯನ್ನು ತಡೆದು ಅದರ ಜಾಗದಲ್ಲಿ ಸ್ವಲ್ಪ ಹೊತ್ತು ‘ಸ’ ಇಟ್ಟೆವು. ಹೀಗೆ ತಡೆದ ಕಾರ್ಡಿಗೆ ಸಸ್ಪೆಂಡೆಡ್, ಚುಟುಕಾಗಿ ಸಸ್ ಕಾರ್ಡ್ ಎನ್ನುತ್ತಾರೆ. ಎಂಬತ್ತರ ದಶಕದ ಧ್ವನಿಯಲ್ಲಿ ಇದರ ಪಾತ್ರ ದೊಡ್ಡದು.

ಈಗ ಮೊದಲನೆಯ ಕಾರ್ಡನ್ನು ಹತ್ತಿರದಿಂದ ನೋಡೋಣ. ಅದರಲ್ಲಿ ಮಂದ್ರ ನಿ ಮತ್ತು ಮಧ್ಯ ಸ ಅಕ್ಕಪಕ್ಕ ಇವೆ. ಮಂದ್ರ ನಿ ಸೆಕೆಂಡಿಗೆ ಸುಮಾರು 247 ಸಲ ಕಂಪಿಸುತ್ತದೆ, ಮಧ್ಯ ಸ ಸುಮಾರು 262 ಸಲ. ಎರಡರ ನಡುವೆ 15ರ ಅಂತರ. ಇಷ್ಟು ಹತ್ತಿರದ ಎರಡು ಸ್ವರಗಳನ್ನು ಕಿವಿ ಪೂರ್ತಿ ಬೇರ್ಪಡಿಸಲಾರದು, ಅದಕ್ಕೆ ಒಂದು ಗರಗರ ಕೇಳಿಸುತ್ತದೆ. ಮೆತ್ತನೆಯ ಎಲೆಕ್ಟ್ರಿಕ್ ಪಿಯಾನೊ ಧ್ವನಿಯಲ್ಲಿ ಈ ಗರಗರ ಹಿತವಾಗಿಯೇ ಇರುತ್ತದೆ. ಮೊನಚಾದ ಸಿಂಥ್ ಧ್ವನಿಯಲ್ಲಿ ಚುಚ್ಚುತ್ತದೆ. ಅದೇ ‘ನಿ’ಯನ್ನು ಒಂದು ಸ್ಥಾಯಿ ಮೇಲೆ, ಮಧ್ಯ ‘ನಿ’ಗೆ ಎತ್ತಿ. ಈಗ ಅದು ಸುಮಾರು 494. ಸ ಮತ್ತು ನಿ ದೂರವಾದವು. ಗರಗರ ಹೋಯಿತು, ಬಣ್ಣ ಉಳಿಯಿತು. ನಾಲ್ಕೂ ಕಾರ್ಡಿನಲ್ಲಿ ಕೆಳಗಿನಿಂದ ಎರಡನೆಯ ಸ್ವರವನ್ನು ಹೀಗೇ ಒಂದು ಸ್ಥಾಯಿ ಎತ್ತಿ. ಆಗ ಸಿಗುವುದು ಪ ಸ ಗ ನಿ, ಪ ಸ ಗ ದ, ಪ ರಿ ಗ ನಿ, ಪ ಸ ರಿ ದ. ಕೊನೆಯದರಲ್ಲಿ ಸ ಎಂದಿನಂತೆ ಮಂದ್ರ ‘ನಿ’ಗೆ ಇಳಿಯಲಿ. ಈ ‘ನಿ’ ಬಿಟ್ಟರೆ ಪ ಒಂದೇ ಮಂದ್ರ, ಉಳಿದವೆಲ್ಲ ಮಧ್ಯ. ಇದನ್ನು ಓಪನ್ ವಾಯ್ಸಿಂಗ್, ಅಂದರೆ ಬಿಡಿಸಿಟ್ಟ ಜೋಡಣೆ ಎನ್ನುತ್ತಾರೆ. ಒಂದು ಕೈಗೆ ಇದು ಎಟುಕುವುದಿಲ್ಲ, ಎಟುಕಬೇಕಾಗಿಯೂ ಇಲ್ಲ. ಬೇಸ್ ಬೇರೆ ಟ್ರ್ಯಾಕಿನಲ್ಲಿದೆ, ಹಾಗಾಗಿ ಕೆಳಗಿನ ಎರಡು ಸ್ವರ ಎಡಗೈಗೆ, ಮೇಲಿನ ಎರಡು ಬಲಗೈಗೆ. ಎಲ್ಲಕ್ಕಿಂತ ಮೇಲಿನ ಸ್ವರವನ್ನಷ್ಟೇ ಕೇಳಿದರೆ ನಿ, ದ, ನಿ, ದ. ಸಣ್ಣದೊಂದು ರಾಗದೆಳೆ ಅದಾಗಿಯೇ ಹುಟ್ಟಿಕೊಂಡಿದೆ.

ಸ್ವರಗಳನ್ನು ಬಿಡಿಸುವಾಗ ಮೇಲಕ್ಕೆ ಎತ್ತಿ, ಕೆಳಕ್ಕೆ ಇಳಿಸಬೇಡಿ. ಅನುಮಂದ್ರ ‘ದ’ದ ಕಂಪನ 110. ಅದರ ಪಕ್ಕ ಮಂದ್ರ ಸ, ಅಂದರೆ ಸುಮಾರು 131 ಇಟ್ಟರೆ ಅಂತರ ಬರೀ 21. ಕಿವಿಗೆ ಬರುವುದು ಗೊಜಗೊಜ. ಅದೇ ದ-ಸ ಜೋಡಿಯನ್ನು ಎರಡು ಸ್ಥಾಯಿ ಮೇಲೆ ಒತ್ತಿದರೆ 440 ಮತ್ತು 523, ಅಂತರ 83, ಸ್ವಚ್ಛವಾಗಿ ಕೇಳುತ್ತದೆ. ಆದ್ದರಿಂದ ಕೆಳಗೆ ಬೇಸ್ ಒಂಟಿಯಾಗಿರಲಿ. ಸಂದಣಿ ಏನಿದ್ದರೂ ನಡುವಿನ ‘ಸ’ದ ಆಸುಪಾಸಿನಲ್ಲಿ, ಅದರ ಮೇಲೆ.

ಇಷ್ಟಾದ ಮೇಲೆ ಇನ್ನೊಂದು ಪ್ರಯೋಗ ಮಾಡಿ. ಮೇಲಿನ ಕೈ ಹಾಗೇ ನಡೆಯಲಿ, ಬೇಸ್ ಮಾತ್ರ ನಾಲ್ಕೂ ಕಾರ್ಡಿಗೆ ‘ದ’ವನ್ನೇ ಹಿಡಿದಿರಲಿ. ಇದು ಪೆಡಲ್ ಬೇಸ್. ಹಾಡಿನ ಆರಂಭದಲ್ಲಿ ಹೀಗೆ ಹಿಡಿದು, ತಾಳ ಶುರುವಾದಾಗ ಬೇಸ್ ನಡೆಯಲು ಬಿಟ್ಟರೆ ಬಾಗಿಲು ತೆರೆದಂಥ ಅನುಭವ ಕೇಳುಗರಿಗೆ ಆಗುತ್ತದೆ.

ಕಾರ್ಡ್ ಆಯಿತು, ಇನ್ನು ಧ್ವನಿ. ಈ ಧ್ವನಿ ಎಲ್ಲಿಂದ ಬಂತು ಎಂದು ತಿಳಿದರೆ ಸೆಟ್ಟಿಂಗ್ ಮಾಡುವುದು ಸುಲಭ. 1970ರಲ್ಲಿ ಬಂದ ಮಿನಿಮೂಗ್‌ನಂಥ ಸಿಂಥ್‌ಗಳಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ ನುಡಿಯುತ್ತಿತ್ತು. ಕಾರ್ಡ್ ಒತ್ತಲು ಆಗುತ್ತಿರಲಿಲ್ಲ. 1978ರಲ್ಲಿ ಬಂದ ಪ್ರಾಫೆಟ್-5ರಲ್ಲಿ ಐದು ಸ್ವರ ಒಟ್ಟಿಗೆ ನುಡಿಸಬಹುದಾಯಿತು, ಮಾಡಿಕೊಂಡ ಸೌಂಡನ್ನು ಉಳಿಸಿಟ್ಟುಕೊಳ್ಳುವ ಮೆಮೊರಿಯೂ ಬಂತು. ರೋಲ್ಯಾಂಡ್ ಕಂಪನಿಯ ಜುಪಿಟರ್-8 ಎಂಟು ಸ್ವರದ್ದು, ಜೂನೊ-60 ಆರು ಸ್ವರದ್ದು. 1982ರ ‘ಬ್ಲೇಡ್ ರನ್ನರ್’ ಚಿತ್ರಕ್ಕೆ ವಾಂಗೆಲಿಸ್ ಯಮಾಹ ಸಿಎಸ್-80 ಬಳಸಿ ಮಾಡಿದ ಸಂಗೀತ ಈ ಇಡೀ ಶೈಲಿಗೆ ತಾಯಿಬೇರಿನಂತಿದೆ. ಅದೇ ಕಾಲಕ್ಕೆ ಮುಂಬೈನಲ್ಲಿ ಚರಣ್‌ಜಿತ್ ಸಿಂಗ್ ಜುಪಿಟರ್-8ರ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಆಲ್ಬಂ ಮಾಡಿದ್ದರು. ಸುಮಾರು ಮೂವತ್ತು ವರ್ಷದ ಬಳಿಕ ‘ಡ್ರೈವ್’ ಸಿನಿಮಾದಲ್ಲಿ ಬಂದ ಕವಿನ್‌ಸ್ಕಿಯ ‘ನೈಟ್‌ಕಾಲ್’ ಹಾಡು, 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಸಂಗೀತ ಆ ಧ್ವನಿಗೆ ಹೊಸ ಕೇಳುಗರನ್ನು ತಂದವು. ಸಿಂಥ್‌ವೇವ್ ಎಂಬ ಹೆಸರಿನಲ್ಲಿ ಹರಡಿರುವುದು ಇದೇ.

ಐದು, ಆರು ಸ್ವರಗಳ ಮಿತಿ ಇದ್ದುದರಿಂದ ಅಂದಿನವರು ಒಂದೊಂದು ಸ್ವರವನ್ನೂ ಲೆಕ್ಕ ಹಾಕಿ ಒತ್ತಬೇಕಿತ್ತು. ಇಂದಿನ ಸಾಫ್ಟ್‌ವೇರ್ ಸಿಂಥ್‌ಗೆ ಆ ಕಟ್ಟು ಇಲ್ಲ. ಆದರೂ ಅದರ ಪಾಲಿಫೊನಿ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಸಂಖ್ಯೆಯನ್ನು ಆರಕ್ಕೋ ಎಂಟಕ್ಕೋ ಇಳಿಸಿ ನೋಡಿ. ಹೊಸ ಕಾರ್ಡ್ ಒತ್ತಿದಾಗ ಹಳೆಯ ಕಾರ್ಡಿನ ಬಾಲ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಹಳೆಯ ಯಂತ್ರಗಳ ಗುರುತು ಅದರಲ್ಲೂ ಇದೆ.

ಸೆಟ್ಟಿಂಗ್ ಹೀಗೆ ಮಾಡಿ. ಆಸಿಲೇಟರ್, ಅಂದರೆ ಧ್ವನಿ ಹುಟ್ಟಿಸುವ ಭಾಗ, ಎರಡು ಇರಲಿ. ಎರಡಕ್ಕೂ ಸಾ ವೇವ್ ಆರಿಸಿ. ಅದರ ಚಿತ್ರ ಗರಗಸದ ಹಲ್ಲಿನ ಹಾಗಿರುತ್ತದೆ, ಧ್ವನಿ ತುಂಬಾ ಮೊನಚು. ಒಂದನ್ನು ಇನ್ನೊಂದಕ್ಕಿಂತ 7 ಸೆಂಟ್‌ನಷ್ಟು ಏರಿಸಿ. ಸೆಂಟ್ ಎಂದರೆ, ಕಪ್ಪು ಕೀಗಳನ್ನೂ ಸೇರಿಸಿ ಎಣಿಸಿದಾಗ, ಅಕ್ಕಪಕ್ಕದ ಎರಡು ಕೀಗಳ ನಡುವಿನ ದೂರದ ನೂರನೆಯ ಒಂದು ಭಾಗ. ಶ್ರುತಿ ತಪ್ಪುವುದಿಲ್ಲವೇ ಎಂದರೆ, ಇಷ್ಟು ಕಡಿಮೆಯಲ್ಲಿ ಇಲ್ಲ. 440 ಕಂಪನದ ಹತ್ತಿರ ಅದು ಎರಡಕ್ಕಿಂತ ಕಡಿಮೆ ವ್ಯತ್ಯಾಸ, ನಿಧಾನವಾದ ತೂಗಾಟವಾಗಿ ಕೇಳುತ್ತದೆ. 20 ಸೆಂಟ್ ದಾಟಿಸಿದರೆ ಅಪಸ್ವರದ ಕಡೆಗೆ ವಾಲುತ್ತದೆ. ಆಮೇಲೆ ಲೋ-ಪಾಸ್ ಫಿಲ್ಟರ್‌ನಿಂದ ಮೊನಚನ್ನು ತಗ್ಗಿಸಿ. ಇದು ಮೇಲಿನ ಕಂಪನಗಳನ್ನು ತಡೆದು ಕೆಳಗಿನವನ್ನು ಬಿಡುವ ಜರಡಿ. ಅದರ ಗುಬ್ಬಿಯನ್ನು ಅರ್ಧಕ್ಕಿಂತ ಕೆಳಗಿನಿಂದ ಶುರುಮಾಡಿ, ಹಾಡು ಮುಂದೆ ಹೋದಂತೆ ಮೆಲ್ಲಗೆ ತೆರೆಯುತ್ತಾ ಹೋಗಿ. ಅಟ್ಯಾಕ್, ಅಂದರೆ ಕೀ ಒತ್ತಿದ ಮೇಲೆ ಧ್ವನಿ ಪೂರ್ತಿ ಏರಲು ಹಿಡಿಯುವ ಹೊತ್ತು, 0.3 ಸೆಕೆಂಡ್ ಇರಲಿ. ರಿಲೀಸ್, ಅಂದರೆ ಕೈ ಬಿಟ್ಟ ಮೇಲೆ ಧ್ವನಿ ಅಡಗಲು ಹಿಡಿಯುವ ಹೊತ್ತು, ಒಂದರಿಂದ ಎರಡು ಸೆಕೆಂಡ್. ಹೀಗೆ ಮಾಡಿದರೆ ಒಂದು ಕಾರ್ಡ್ ಇನ್ನೊಂದರ ಮೇಲೆ ಹರಿಯುತ್ತದೆ. ಜಿಗಿಯುವ ಕಾರ್ಡ್‌ಗಳಾಗಿದ್ದರೆ ಅದು ಕಲಸುಮೇಲೋಗರ ಆಗುತ್ತಿತ್ತು. ನಮ್ಮ ಜೋಡಣೆಯಲ್ಲಿ ಅಕ್ಕಪಕ್ಕದ ಕಾರ್ಡ್‌ಗಳಿಗೆ ಸಮಾನ ಸ್ವರಗಳಿರುವುದರಿಂದ ಹರಿದರೂ ಚೆಂದ.

ಕೊನೆಗೆ ಕೋರಸ್. ಇದನ್ನು ಬಿಟ್ಟರೆ ಈ ಶೈಲಿಯೇ ಇಲ್ಲ. ಜೂನೊ-60ರಲ್ಲಿ ಒಂದು ಸ್ವರಕ್ಕೆ ಒಂದೇ ಆಸಿಲೇಟರ್ ಇತ್ತು. ಬೆಲೆ ತಗ್ಗಿಸಲು ಅದು ಅನಿವಾರ್ಯ, ಆದರೆ ಧ್ವನಿ ತೆಳು. ಅದನ್ನು ತುಂಬಲು ರೋಲ್ಯಾಂಡ್ ಎಂಜಿನಿಯರುಗಳು ಕೋರಸ್ ಸರ್ಕ್ಯೂಟ್ ಸೇರಿಸಿದರು. ಮೂಲ ಧ್ವನಿಯ ನಕಲನ್ನು ಕೆಲವೇ ಮಿಲಿಸೆಕೆಂಡ್ ತಡಮಾಡಿ, ಆ ತಡವನ್ನೂ ಹಿಂದೆ ಮುಂದೆ ತೂಗಿಸಿ, ಎಡಕ್ಕೊಂದು ಬಲಕ್ಕೊಂದು ಕಳಿಸುವುದು ಅದರ ಕೆಲಸ. ಎಡದ್ದು ಏರುವಾಗ ಬಲದ್ದು ಇಳಿಯುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಧ್ವನಿ ತಲೆಯ ಸುತ್ತ ಹರಡಿಕೊಂಡಂತೆ ಇರುತ್ತದೆ. ಮುಂಭಾಗದಲ್ಲಿ ಒತ್ತುವ ಬಟನ್ ಬಿಟ್ಟರೆ ಇದಕ್ಕೆ ಬೇರೆ ನಿಯಂತ್ರಣವೇ ಇರಲಿಲ್ಲ. ಆದರೂ ನಲವತ್ತು ವರ್ಷದ ಮೇಲೆ ಜನ ಆ ಬಟನ್‌ನ ಧ್ವನಿಗಾಗಿಯೇ ಸಾಫ್ಟ್‌ವೇರ್ ಕೊಳ್ಳುತ್ತಿದ್ದಾರೆ. ಕೋರಸ್ ಕಾರ್ಡಿಗೆ ಮಾತ್ರ ಹಾಕಿ, ಬೇಸ್‌ಗೆ ಬೇಡ. ಕೋರಸ್ ಆದ ಮೇಲೆ ಎರಡು ಮೂರು ಸೆಕೆಂಡಿನ ರಿವರ್ಬ್, ಅಂದರೆ ದೊಡ್ಡ ಕೋಣೆಯ ಅನುರಣನ ಸೇರಿಸಿ, ಅದರಲ್ಲಿ 200 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 200 ಕಂಪನಕ್ಕಿಂತ ಕೆಳಗಿನದನ್ನು ಕತ್ತರಿಸಿ.

ಖರ್ಚು ಎಷ್ಟು? ಶುರುಮಾಡಲು ಏನೂ ಇಲ್ಲ. ಸರ್ಜ್ ಎಕ್ಸ್‌ಟಿ ಎಂಬ ಸಿಂಥ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವೈಟಲ್ ಎಂಬುದಕ್ಕೂ ಉಚಿತ ಆವೃತ್ತಿ ಇದೆ. 1983ರ ಯಮಾಹ ಡಿಎಕ್ಸ್7ರ ಗಾಜಿನಂಥ ಎಲೆಕ್ಟ್ರಿಕ್ ಪಿಯಾನೊ ಬೇಕಿದ್ದರೆ ಡೆಕ್ಸೆಡ್, ಅದೂ ಉಚಿತ. ಜೂನೊ ಕೋರಸ್ ಮಾತ್ರ ಬೇಕಾದವರಿಗೆ ಟಿಎಎಲ್ ಎಂಬ ಸಂಸ್ಥೆಯ ಕೋರಸ್ ಎಲ್‌ಎಕ್ಸ್ ಹಣ ಕೊಡದೆ ಸಿಗುತ್ತದೆ. ಇವನ್ನೆಲ್ಲ ಆಯಾ ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಬೇರೆ ಕಡೆ ಸಿಗುವ ಕ್ರ್ಯಾಕ್ ಮಾಡಿದ ಪ್ರತಿಗಳ ಜೊತೆ ವೈರಸ್ ಬರುವುದು ಸಾಮಾನ್ಯ. ರೆಕಾರ್ಡ್ ಮಾಡಲು ಬೇಕಾದ ಡಿಎಡಬ್ಲ್ಯೂ ತಂತ್ರಾಂಶಕ್ಕೆ, ಆಪಲ್ ಸಾಧನ ಇದ್ದವರಿಗೆ ಗರಾಜ್‌ಬ್ಯಾಂಡ್ ಉಚಿತ. ವಿಂಡೋಸ್‌ನವರು ಎಲ್‌ಎಂಎಂಎಸ್ ಅಥವಾ ವೇವ್‌ಫಾರ್ಮ್ ಫ್ರೀ ನೋಡಬಹುದು. ರೀಪರ್ ಎಂಬುದನ್ನು 60 ದಿನ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಲೈಸೆನ್ಸ್‌ಗೆ 60 ಡಾಲರ್.

ಕೀಬೋರ್ಡ್ ಕೊಳ್ಳುವ ಮೊದಲು ಮನೆಯ ಅಟ್ಟ ನೋಡಿ. ಮಕ್ಕಳಿಗೆಂದು ತಂದ ಕ್ಯಾಸಿಯೊ ಅಲ್ಲಿದ್ದರೆ, ಅದರ ಹಿಂಭಾಗದಲ್ಲಿ ಪ್ರಿಂಟರ್‌ಗೆ ಇರುವಂಥ ಚೌಕ ಯುಎಸ್‌ಬಿ ಕಿಂಡಿ ಇದೆಯೇ ಪರೀಕ್ಷಿಸಿ. ಇದ್ದರೆ ಒಂದು ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಬಹುದು, ನೀವು ಒತ್ತಿದ ಸ್ವರ ಸಾಫ್ಟ್‌ವೇರ್ ಸಿಂಥ್‌ನಲ್ಲಿ ನುಡಿಯುತ್ತದೆ. ಹೊಸದೇ ಬೇಕೆಂದರೆ ಮಿಡಿ ಕೀಬೋರ್ಡ್ ಎಂದು ಕೇಳಿ. ತನ್ನದೇ ಧ್ವನಿ ಇಲ್ಲದ, ಒತ್ತಿದ ಮಾಹಿತಿಯನ್ನಷ್ಟೇ ಕಳಿಸುವ ಸಾಧನ ಇದು. ಚಿಕ್ಕವು ಐದಾರು ಸಾವಿರದಿಂದ ಹತ್ತು ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಎರಡು ಕೈ ಬಳಸುವ ಜೋಡಣೆ ನಮ್ಮದಾದ್ದರಿಂದ 25 ಕೀಗಳದ್ದು ಬಿಟ್ಟು 37 ಅಥವಾ 49 ಕೀಗಳದ್ದು ತೆಗೆದುಕೊಳ್ಳಿ ಎಂದು ನನ್ನ ಸಲಹೆ. ಫುರ್ಟಾಡೋಸ್‌ನಂಥ ವಾದ್ಯದಂಗಡಿಗಳಲ್ಲಿ, ಬಜಾವ್‌ನಂಥ ಆನ್‌ಲೈನ್ ಮಳಿಗೆಗಳಲ್ಲಿ ಸಿಗುತ್ತವೆ. ಅಂಗಡಿಗೆ ಹೋಗಲು ಸಾಧ್ಯವಾದರೆ ಹೋಗಿ, ಕೀಗಳನ್ನು ಬೆರಳಿನಿಂದ ಒತ್ತಿ ನೋಡಿಯೇ ಕೊಳ್ಳಿ.

ಜೋಡಿಸಿದ ಮೊದಲ ದಿನವೇ ಬಹಳ ಮಂದಿಗೆ ಕಾಡುವ ತೊಂದರೆ ಲೇಟೆನ್ಸಿ. ಕೀ ಒತ್ತಿದ ಮೇಲೆ ಧ್ವನಿ ತಡವಾಗಿ ಬರುತ್ತದೆ. ಕೀಬೋರ್ಡ್ ಕೆಟ್ಟಿದೆ ಎಂದು ಹಿಂತಿರುಗಿಸಬೇಡಿ. ಆಡಿಯೊ ಸೆಟ್ಟಿಂಗ್‌ನಲ್ಲಿ ಬಫರ್ ಎಂಬುದನ್ನು 256 ಸ್ಯಾಂಪಲ್‌ಗೆ ಇಳಿಸಿ. ಆಗ ಬಫರ್‌ನಿಂದಾಗುವ ತಡ ಆರು ಮಿಲಿಸೆಕೆಂಡಿನೊಳಗೆ ಬರುತ್ತದೆ. ವಿಂಡೋಸ್‌ನಲ್ಲಿ ಅಷ್ಟಕ್ಕೂ ಸರಿಹೋಗದಿದ್ದರೆ ಎಎಸ್‌ಐಒ4ಆಲ್ ಎಂಬ ಉಚಿತ ಡ್ರೈವರ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ, ಅದರ ತಡವನ್ನು ಯಾವ ಸೆಟ್ಟಿಂಗೂ ಪೂರ್ತಿ ನೀಗಿಸುವುದಿಲ್ಲ.

ಹಾಡುವವರ ಶ್ರುತಿ ಬೇರೆಯಾಗಿದ್ದರೆ ಈ ಬಿಳಿ ಕೀಗಳ ಪಾಠ ವ್ಯರ್ಥವೇ? ಅಲ್ಲ. ಮಿಡಿ ಕೀಬೋರ್ಡಿನಲ್ಲಿ, ಡಿಎಡಬ್ಲ್ಯೂನಲ್ಲಿ ಟ್ರಾನ್ಸ್‌ಪೋಸ್ ಎಂಬ ಸೌಲಭ್ಯ ಇರುತ್ತದೆ. ಬೇಕಾದಷ್ಟು ಮನೆ (ಕಪ್ಪು ಬಿಳಿ ಸೇರಿ ಒಂದೊಂದು ಕೀ ಒಂದೊಂದು ಮನೆ) ಏರಿಸಿ ಅಥವಾ ಇಳಿಸಿ, ಬೆರಳು ಅವೇ ಬಿಳಿ ಕೀಗಳ ಮೇಲಿರಲಿ. ಆದರೆ ನಾಲ್ಕೈದು ಮನೆಗಿಂತ ಹೆಚ್ಚು ಇಳಿಸಿದರೆ ಮಂದ್ರ ಪಂಚಮ ಬೇಸ್‌ನ ಸರಹದ್ದಿಗೆ ಬಂದು ಗೊಜಗೊಜ ಶುರುವಾಗುತ್ತದೆ. ಅಂಥ ಹೊತ್ತಿನಲ್ಲಿ ಇಳಿಸುವ ಬದಲು ಏರಿಸಿಯೇ ಆ ಶ್ರುತಿ ತಲುಪಿ.

ಟ್ರ್ಯಾಕ್ ಮುಗಿಸಿ ಹಂಚುವ ಮೊದಲು ಅದನ್ನು ಮೊನೊದಲ್ಲಿ, ಅಂದರೆ ಎಡಬಲ ಒಂದಾಗಿಸಿ ಒಮ್ಮೆ ಕೇಳಿ. ಕೋರಸ್‌ನ ಹರವು ಅಲ್ಲಿ ಕುಗ್ಗುತ್ತದೆ. ಕಾರ್ಡ್ ಪೂರಾ ಹಿಂದೆ ಸರಿದು ಹೋದರೆ ಕೋರಸ್ ಮಿಕ್ಸ್ ಅನ್ನು ಅರ್ಧಕ್ಕೆ ತಗ್ಗಿಸಿ. ಫೋನಿನ ಸ್ಪೀಕರಿನಲ್ಲೂ ಕೇಳಿ. ನಮ್ಮ ಬೇಸ್ ಸ್ವರಗಳು 87ರಿಂದ 131 ಹರ್ಟ್ಸ್‌ನವು, ಆ ಸಣ್ಣ ಸ್ಪೀಕರ್ ಅವನ್ನು ಹೆಚ್ಚುಕಮ್ಮಿ ನುಡಿಸುವುದೇ ಇಲ್ಲ. ಮೊದಲ ಮೂರು ಕಾರ್ಡಿನ ಮೂಲ ಸ್ವರವನ್ನು ಬೇಸ್‌ಗೇ ಬಿಟ್ಟುಕೊಟ್ಟಿದ್ದೇವೆ ಎಂಬುದು ನೆನಪಿರಲಿ. ಬೇಸ್‌ಗೆ ನುಣುಪಾದ ಸೈನ್ ವೇವ್ ಬಳಸಿದ್ದರೆ ಅದು ಫೋನಿನಲ್ಲಿ ಮಾಯವಾಗಿ ಕಾರ್ಡಿನ ಅರ್ಥವೇ ಬದಲಾಗುತ್ತದೆ. ಬೇಸ್‌ಗೂ ಸಾ ವೇವ್ ಬಳಸಿ, ಫಿಲ್ಟರ್ ಸ್ವಲ್ಪ ತೆರೆದಿಡಿ. ಅದರ ಅನುಸ್ವರಗಳು, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಕಂಪನಗಳು, ಫೋನಿನಲ್ಲಿ ಕೇಳುತ್ತವೆ, ಅವುಗಳಿಂದಲೇ ಕಿವಿ ಕೆಳಗಿನ ‘ದ’ವನ್ನು ಊಹಿಸಿಕೊಳ್ಳುತ್ತದೆ.